ಲೈನ್ ಹೋಗಿದೆ, ಲೈನಲ್ಲೇ ಇರಿ

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಇರೋದಕ್ಕಿಂತ ಇಲ್ಲದಿರೋದೇ ಜಾಸ್ತಿ. ಮರ ಬೀಳುತ್ತದೆ, ತಂತಿ ಹರಿಯುತ್ತದೆ, ಊರಿಗೆ ಊರೇ ಕತ್ತಲು. ಆಗ ನಮ್ಮ ಮಾವ ಕರೆಂಟ್ ಆಫೀಸಿಗೆ ಫೋನ್ ಹಚ್ಚುತ್ತಾರೆ.

“ಲೈನ್ ಹೋಗಿದೆಯಲ್ಲ ಮಾರಾಯ್ರೆ?”

“ಯಾವ ಲೈನ್ ಸಾರ್?”

“ನಮ್ಮ ಲೈನ್.”

“ಅದಕ್ಕೆ ಎಲ್‌ಸಿ ತಗೊಂಡಿದ್ದಾರೆ ಸಾರ್. ಲೈನ್‌ಮನ್ ಲೈನ್ ಮೇಲೇ ಇದ್ದಾರೆ. ನೀವು ಲೈನಲ್ಲೇ ಇರಿ, ಕೇಳಿ ಹೇಳ್ತೀನಿ.”

ಅಷ್ಟರಲ್ಲಿ ಫೋನಿನ ಲೈನೂ ಕಟ್.

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಕಂಬ ಹತ್ತಿದವರಿಗೆ ಶಾಕ್ ಹೊಡೆಯದಿರಲಿ ಅಂತ ಆ ತಂತಿಯ ಕರೆಂಟ್ ತೆಗೆಸಿ ಪಡೆಯುವ ಅನುಮತಿ. ಸರ್ಕಾರಿ ಕಾಗದದಲ್ಲಿ ಲೈನ್‌ಮನ್‌ಗಳು ಈಗ ಪವರ್‌ಮ್ಯಾನ್ ಆಗಿದ್ದಾರೆ. ನಮ್ಮೂರಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಪವರ್ ಇಲ್ಲದಾಗಷ್ಟೇ ನೆನಪಾಗುವವರನ್ನು ಹಾಗೆ ಕರೆಯೋಕೆ ಬಾಯಿ ಬರಬೇಕಲ್ಲ.

ಅಂಥದ್ದೇ ಒಂದು ಸಂಜೆ, ಮೊಬೈಲಿನಲ್ಲಿ ಉಳಿದಿದ್ದ ಚಾರ್ಜನ್ನೆಲ್ಲ ಸುರಿದು, ಈ ಲೈನ್ ಎಲ್ಲಿಂದ ಬಂತು ಅಂತ ಹುಡುಕಿದೆ. ಸಿಕ್ಕಿದ್ದು ನೋಡಿ ಕತ್ತಲಲ್ಲೇ ಕೂತು ನಕ್ಕೆ. ಅದು ಬಂದದ್ದು ನಮ್ಮ ಅಗಸಿಯಿಂದ!

ಲ್ಯಾಟಿನ್ ಭಾಷೆಯಲ್ಲಿ ಲೀನುಮ್ ಅಂದರೆ ಅಗಸೆ ಗಿಡ. ಅದರ ಕಾಂಡದಿಂದ ತೆಗೆದ ನಾರಿನ ದಾರಕ್ಕೆ ಲೀನಿಯ ಅಂದರು. ದಾರವನ್ನು ಎರಡೂ ತುದಿಯಲ್ಲಿ ಎಳೆದು ಹಿಡಿದರೆ ಅದೇ ಗೆರೆ ಅಲ್ವಾ? ದಾರದ ಹೆಸರು ಗೆರೆಗೂ ಅಂಟಿಕೊಂಡಿತು. ಗಾರೆ ಕೆಲಸದವರು ಇವತ್ತಿಗೂ ದಾರ ಕಟ್ಟಿಯೇ ಇಟ್ಟಿಗೆ ಕೂರಿಸುವುದು. ಆಮೇಲೆ ಇಂಗ್ಲಿಷಿನವರು ಅದನ್ನು ಹಗ್ಗಕ್ಕೆ, ಗಾಳಕ್ಕೆ, ಪದ್ಯದ ಸಾಲಿಗೆ, ವಂಶಕ್ಕೆ, ರೈಲಿಗೆ, ತಂತಿಗೆ, ಕೊನೆಗೆ ವಿಮಾನಕ್ಕೂ ಕಟ್ಟಿದರು.

ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಕಾಫಿ ಸೀಮೆಗೆ ಬಂದವಳು. ಅಗಸಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದ ಹಿಂಡಿ ಇಲ್ಲದಿದ್ದರೆ ನನಗೆ ಜೋಳದ ರೊಟ್ಟಿ ಗಂಟಲಿಗಿಳಿಯಲ್ಲ. ಇಲ್ಲಿ ಅತ್ತೆ ಅದನ್ನು “ನಿಮ್ಮ ಕಡೆಯ ಕಪ್ಪು ಪುಡಿ” ಅಂತ ದೂರದಿಂದಲೇ ನೋಡುತ್ತಿದ್ದರು. ಆವತ್ತು ರಾತ್ರಿ ಮೇಣದ ಬತ್ತಿ ಬೆಳಕಲ್ಲಿ ಡಬ್ಬಿ ಎತ್ತಿ ಹಿಡಿದು, “ಅತ್ತೆ, ಮಾವ ಸಂಜೆಯಿಂದ ಹುಡುಕುತ್ತಿರುವ ಲೈನಿನ ಮೂಲ ಇದೇ” ಅಂದೆ. ಅತ್ತೆ, “ಹಾಗಾದ್ರೆ ಅದನ್ನೇ ಕಂಬಕ್ಕೆ ಕಟ್ಟಿಸು” ಅಂದರು.

1753ರಲ್ಲಿ ಸ್ವೀಡನ್ನಿನ ಲಿನಿಯಸ್ ಈ ಗಿಡಕ್ಕೆ ಲೈನಮ್ ಯುಸಿಟಾಟಿಸಿಮಮ್ ಅಂತ ಹೆಸರಿಟ್ಟರು. ಅತ್ಯಂತ ಉಪಯೋಗಿ ಅಂತ ಅರ್ಥ. ಹಿಂಡಿ ತಿನ್ನದೆಯೇ ಇಷ್ಟು ಹೊಗಳಿದ್ದಾರಲ್ಲ, ದೊಡ್ಡ ಮನುಷ್ಯರು. ಅಂದ ಹಾಗೆ ಲಿನಿಯಸ್ ಅನ್ನುವ ಅವರ ಹೆಸರಿಗೂ ಅಗಸೆಗೂ ನಂಟಿಲ್ಲ. ಅದು ಅವರ ಮನೆತನದ ಜಮೀನಿನಲ್ಲಿದ್ದ ಲಿಂಡನ್ ಮರದಿಂದ ಬಂದದ್ದು.

ಅಗಸೆಯ ಬಳಗ ದೊಡ್ಡದು. ಲಿನನ್ ಬಟ್ಟೆ ಅದರದ್ದೇ. ಅಗಸೆ ಎಣ್ಣೆಯಿಂದ ಮಾಡಿದ ನೆಲಹಾಸು ಲಿನೋಲಿಯಂ. ಹಿಂದೆ ಉಡುಪಿನ ಒಳಗೆ ಲಿನನ್ ಬಟ್ಟೆ ಕೊಟ್ಟು ಹೊಲಿಯುತ್ತಿದ್ದರು, ಅದರಿಂದಲೇ ಲೈನಿಂಗ್. ನಾನು ಲಿನನ್ ಸೀರೆಯ ಬ್ಲೌಸ್ ಹೊಲಿಯೋಕೆ ಕೊಟ್ಟಾಗ ಟೈಲರ್ ಕೇಳಿದ, “ಲೈನಿಂಗ್ ಹಾಕ್ಲಾ ಅಕ್ಕ?”

“ಹಾಕು.”

“ಕಾಟನ್ ಲೈನಿಂಗ್ ಹಾಕ್ತೀನಿ.”

ಅಂದರೆ ಲಿನನ್ ಹೊರಗೆ, ಲಿನನ್ನಿನ ಹೆಸರು ಒಳಗೆ, ಹತ್ತಿ ಅದರ ಜಾಗದಲ್ಲಿ. ಇದನ್ನು ವಿವರಿಸಲು ಹೊರಟೆ. ಆತ ಟೇಪು ಕೊರಳಿಗೆ ಹಾಕಿಕೊಂಡು ಪೂರ್ತಿ ಕೇಳಿಸಿಕೊಂಡ. “ಸರಿ ಅಕ್ಕ, ಗುರುವಾರ ಬನ್ನಿ” ಅಂದ. ಅವನ ಗುರುವಾರ ಯಾವ ವಾರದ್ದು ಅಂತ ಇವತ್ತಿಗೂ ಯಾರಿಗೂ ತಿಳಿದಿಲ್ಲ. ಮದುವೆ ಮುಗಿದ ಮೇಲೆ ಬ್ಲೌಸ್ ಬಂತು. ಯಾರ ಮದುವೆ ಅಂತ ಕೇಳಬೇಡಿ, ನೋವಾಗುತ್ತದೆ.

ಇಂಥವರಿಗೆ ಡೆಡ್‌ಲೈನ್‌ನ ಇತಿಹಾಸ ಹೇಳಬೇಕು. 1864, ಅಮೆರಿಕದ ಅಂತರ್ಯುದ್ಧದ ಕಾಲ. ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಯುದ್ಧಕೈದಿಗಳ ಶಿಬಿರ ಇತ್ತು. ಅದರ ಬೇಲಿಗೋಡೆಯಿಂದ ಸ್ವಲ್ಪ ಒಳಗೆ ಮರದ ಪಟ್ಟಿ ಹೊಡೆದು ಗಡಿ ಮಾಡಿದ್ದರು. ದಾಟಿದವನಿಗೆ ಗುಂಡು. ಆ ಗಡಿಯ ಹೆಸರೇ ಡೆಡ್‌ಲೈನ್. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಪತ್ರಿಕೆಯವರು ಸುದ್ದಿ ಮುಗಿಸುವ ಗಡುವಿಗೆ ಅದೇ ಹೆಸರು ಕೊಟ್ಟರು. ಇದನ್ನೂ ಟೈಲರ್‌ಗೆ ಹೇಳಿದೆ. “ಪಾಪ ಅಕ್ಕ” ಅಂದ. ಕೈದಿಗಳಿಗೋ ನನಗೋ ಗೊತ್ತಾಗಲಿಲ್ಲ.

ಆನ್‌ಲೈನ್ ಬಂದ ಮೇಲೆ ಲೈನಿಗೆ ಮುಕ್ತಿ ಅಂದುಕೊಂಡಿದ್ದೆವು. ನಮ್ಮ ದೊಡ್ಡಪ್ಪ ಲೈನ್ ತಪ್ಪಿಸಲೆಂದೇ ದೇವಸ್ಥಾನದ ವಿಶೇಷ ದರ್ಶನವನ್ನು ಆನ್‌ಲೈನ್‌ನಲ್ಲಿ ಬುಕ್ ಮಾಡಿಸಿದರು. ಹೋಗಿ ನೋಡಿದರೆ ಬೋರ್ಡು: “ಆನ್‌ಲೈನ್ ಭಕ್ತರಿಗೆ ಪ್ರತ್ಯೇಕ ಲೈನ್”. ಅದು ಮಾಮೂಲಿ ಲೈನಿಗಿಂತ ಉದ್ದ. ದೊಡ್ಡಪ್ಪ ಬೆವರೊರೆಸಿಕೊಳ್ಳುತ್ತ ಪಕ್ಕದ ಲೈನಿನವರು ಸರಸರ ಸಾಗುವುದನ್ನು ನೋಡುತ್ತ ನಿಂತರು. ದುಡ್ಡು ಕೊಟ್ಟಿದ್ದೀವಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ.

ಕಾಫಿ ಸೀಮೆಯಲ್ಲಿ ಇನ್ನೊಂದು ಇದೆ, ಲೈನ್ ಮನೆ. ತೋಟದ ಕೆಲಸಗಾರರಿಗೆ ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಮನೆಗಳು. ಬ್ರಿಟಿಷರ ದಂಡಿನಲ್ಲಿ ಸಿಪಾಯಿಗಳ ವಸತಿ ಸಾಲಿಗೆ ಲೈನ್ಸ್ ಅನ್ನುತ್ತಿದ್ದರು. ಪೊಲೀಸ್ ಲೈನ್ ಅನ್ನುವುದೂ ಅದೇ ಜಾತಿ. ನನ್ನ ತಮ್ಮ ಮೊದಲ ಸಲ ಬಂದಾಗ ಮಾವ ಫೋನಿನಲ್ಲಿ ದಾರಿ ಹೇಳಿದರು: “ಲೈನ್ ಮನೆ ಹತ್ತಿರ ನಿಂತಿರಿ, ಜೀಪು ಕಳಿಸ್ತೀನಿ.” ಜೀಪು ಹೋಯಿತು, ಖಾಲಿ ಬಂತು. ನಾನು ಫೋನ್ ಮಾಡಿದೆ. “ಅಕ್ಕಾ, ಲೈನ್‌ಮನ್ ಮನ್ಯಾಗ ಅದೀನಿ. ಕಾಫಿ ಕುಡ್ಯಾಕತ್ತೀನಿ. ಭಾಳ ಚಲೋ ಮಂದಿ” ಅಂದ. ಆ ಮನೆಯವರಿಗೆ ಇವನು ಯಾರು ಅಂತ ಗೊತ್ತಿರಲಿಲ್ಲ. ಕರೆಂಟ್ ಇಲ್ಲ ಅಂತ ಜಗಳಕ್ಕೆ ಬಂದವನಲ್ಲ ಅನ್ನುವ ಖುಷಿಗೇ ಕೋಡುಬಳೆಯನ್ನೂ ಕೊಟ್ಟಿದ್ದರು.

ಆದರೆ ನಮ್ಮ ಮನೆಯಲ್ಲಿ ಲೈನ್ ಮಾಡಿದ ದೊಡ್ಡ ಅನಾಹುತ ಮೈದುನನಿಗೆ ಹೆಣ್ಣಿನ ಕಡೆಯವರು ಬಂದ ದಿನದ್ದು. ಆವತ್ತೇ ಊರಲ್ಲಿ ವಾಲಿಬಾಲ್ ಪಂದ್ಯ. ಇವನು ಮುಂದಾಳು. ಬಂದವರು ಕೂತರು, ಉಪ್ಪಿಟ್ಟು ಬಂತು, ಹುಡುಗ ಮಾತ್ರ ಇಲ್ಲ. ಹುಡುಗಿಯ ತಂದೆ ಮೆಲ್ಲಗೆ ಕೇಳಿದರು, “ಹುಡುಗ ಎಲ್ಲಿ?”

ಅತ್ತೆ ಹೆಮ್ಮೆಯಿಂದ, “ಬೆಳಿಗ್ಗೆಯಿಂದ ಹೈಸ್ಕೂಲ್ ಹತ್ರ ಲೈನ್ ಹೊಡೀತಾ ಇದ್ದಾನೆ. ಪ್ರತಿ ವರ್ಷ ಇವನೇ ಹೊಡೆಯೋದು. ಊರಲ್ಲಿ ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಬರಲ್ಲ” ಅಂದರು.

ಉಪ್ಪಿಟ್ಟಿನ ಚಮಚಗಳೆಲ್ಲ ನಿಂತವು. ಮಾವ ಕೆಮ್ಮಿದರು. ನಾನು ನೀರು ತರುವ ನೆವದಲ್ಲಿ ಅಡುಗೆಮನೆ ಸೇರಿ ಬಾಯಿಗೆ ಸೆರಗು ಒತ್ತಿಕೊಂಡೆ. ಅಷ್ಟರಲ್ಲಿ ಮೊಣಕೈವರೆಗೂ ಸುಣ್ಣ ಮೆತ್ತಿಕೊಂಡು ಮೈದುನ ಬಂದು ಬಾಗಿಲಲ್ಲಿ ನಿಂತ. ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಲೈನ್ ನೇರ ಬಂತಾ?” ಅಂತ ಕೇಳಿದಳು.

ಈಗ ಅವಳು ನನ್ನ ಓರಗಿತ್ತಿ.