ಪುಲಿಕೇಶಿಗೆ ಮೀನಿನ ಬುಟ್ಟಿ

ಬಾದಾಮಿಯ ಇಮ್ಮಡಿ ಪುಲಿಕೇಶಿಗೆ ಮೀನುಗಾರಿಕೆಯಲ್ಲಿ ವಿಶೇಷ ಸವಲತ್ತು ಸಿಕ್ಕಿದೆ. ‘ಏಜ್ ಆಫ್ ಎಂಪೈರ್ಸ್ 2’ ಎಂಬ ಕಂಪ್ಯೂಟರ್ ಆಟದವರು 2022ರಲ್ಲಿ ದಕ್ಷಿಣ ಭಾರತವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮೇಲೆ ‘ದ್ರವಿಡಿಯನ್ಸ್’ ಎಂದು ಚೀಟಿ ಅಂಟಿಸಿದರು. ಈ ಚೀಲದೊಳಗಿನ ಮೀನುಗಾರ ಬೇರೆ ನಾಡಿನವರಿಗಿಂತ ಒಂದು ಖೇಪಿಗೆ 15 ಅಂಕ ಹೆಚ್ಚು ಆಹಾರ ಹೊರುತ್ತಾನೆ. ಹಡಗು ಜೋರು. ನೈಟ್ ಎಂಬ ಭಾರೀ ಕುದುರೆ ಸವಾರ ಮಾತ್ರ ಇಲ್ಲ. ಚಾಲುಕ್ಯರೋ, ಹೊಯ್ಸಳರೋ, ವಿಜಯನಗರದವರೋ ಎಂದು ನೀವು ಮನಸ್ಸಿನಲ್ಲಿ ಏನೇ ಅಂದುಕೊಂಡು ಆಡಿ, ಕಟ್ಟಿಗೆ ಕಡಿಯಲು ಹೇಳಿದರೆ ಆಳು ತಮಿಳಿನಲ್ಲೇ ಓಗೊಡುತ್ತಾನೆ. ಕಥೆಯಿರುವ ಆಟ ಬೇಕೆಂದರೆ ಅದು ರಾಜೇಂದ್ರ ಚೋಳನದು.

ಹಡಗಿನ ಬಗ್ಗೆ ನನ್ನ ತಕರಾರಿಲ್ಲ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯೇ ಬರೆದಿದ್ದಾನೆ, ಮದ್ದಾನೆಗಳಂಥ ನೂರಾರು ಹಡಗು ತಗೊಂಡು ಪುಲಿಕೇಶಿ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಅಂತ. ಆದರೆ ಆ ಹಡಗಿನಲ್ಲಿ ಬಲೆ ಇತ್ತೆಂದು ಎಲ್ಲಿಯೂ ಕೆತ್ತಿಸಿಲ್ಲ.

ಇದಕ್ಕಿಂತ ಮೊದಲು, 2013ರಲ್ಲಿ, ಇಡೀ ದೇಶಕ್ಕೆ ಒಂದೇ ಹೆಸರು: ‘ಇಂಡಿಯನ್ಸ್’. ಬೆಳಗಾವಿಯವನಿಗೂ ಒಂಟೆ, ಬಂಗಾಳದವನಿಗೂ ಒಂಟೆ. ಭಾರತೀಯರ ಹೆಗ್ಗಳಿಕೆ ಎಂದು ಅವರು ಹುಡುಕಿ ತೆಗೆದದ್ದೇನು ಗೊತ್ತೇ? ಕೆಲಸದಾಳು ಅಗ್ಗ! ಸಾವಿರಾರು ವರ್ಷಗಳ ಚರಿತ್ರೆ ಓದಿ ಬರೆದರೋ, ಬೆಂಗಳೂರಿನ ಕಂಪನಿಗಳ ಪಗಾರ ಪಟ್ಟಿ ನೋಡಿ ಬರೆದರೋ, ದೇವರೇ ಬಲ್ಲ.

ಈ ಆಟದ ಅಡುಗೆಮನೆಯ ಲೆಕ್ಕ ಬಹಳ ಸಸಾರ. ಒಂದು ಜನಾಂಗಕ್ಕೆ ಒಂದೆರಡು ಅಪರೂಪದ ಸೈನಿಕರು, ಒಂದೆರಡು ವಿದ್ಯೆ, ನಾಲ್ಕು ರಿಯಾಯಿತಿ, ಒಂದು ದೊಡ್ಡ ಕಟ್ಟಡ. ಯಾರೋ ಜಾಸ್ತಿ ಗೆಲ್ಲುತ್ತಿದ್ದಾರೆಂದು ಅಂಕಿ ತೋರಿಸಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಅವರ ಪೂರ್ವಜರ ಶೌರ್ಯ ಶೇಕಡಾ ಐದು ಕಡಿಮೆ. ಸೋಲುತ್ತಿದ್ದರೆ ಪೂರ್ವಜರಿಗೆ ಹೊಸ ಪರಾಕ್ರಮ ಮಂಜೂರು. ಇದಕ್ಕೆ ಬ್ಯಾಲೆನ್ಸ್ ಎನ್ನುತ್ತಾರೆ. ಶಾಸನ ಓದುವವರಿಗೆ ಇಷ್ಟು ಅನುಕೂಲ ಎಂದೂ ಇರಲಿಲ್ಲ.

ಬಾಗಲಕೋಟೆ ನವನಗರದ ನಮ್ಮ ಅಣ್ಣನ ಮಗ ಈ ಆಟದಲ್ಲಿ ಪಳಗಿದವನು. ಮೊನ್ನೆ ನನಗೆ ಪಾಠ ಹೇಳಿದ: “ಕಾಕಾ, ದ್ರವಿಡಿಯನ್ಸ್ ತಗೊಂಡ್ರ ಮ್ಯಾಪಿನ್ಯಾಗ ನೀರ ಇರಬೇಕ ನೋಡ್ರಿ. ನೀರಿದ್ದಲ್ಲಿ ನಾವ ಹುಲಿ.”

“ಲೇ ತಮ್ಮಾ, ನೀರಿದ್ದಲ್ಲೇ ನಮ್ಮ ಅರ್ಧ ಊರು ಮುಳುಗೇತಿ. ಅದಕ್ಕ ನೀ ಸೆಕ್ಟರಿನ್ಯಾಗ ಕುಂತಿ.”

“ಅದು ಬ್ಯಾರೆ ಕಾಕಾ. ಇಲ್ಲಿ ಒಂದ ಯುಗ ದಾಟಿದ ಕೂಡ್ಲೇ 200 ಕಟಗಿ ಪುಕ್ಕಟೆ ಬಂದು ಬೀಳತಾವ.”

ಕೂಡ್ಲೇ! ಮುಳುಗಡೆ ಪರಿಹಾರಕ್ಕೆ ಓಡಾಡಿ ಚಪ್ಪಲಿ ಸವೆಸಿದವರ ಮೊಮ್ಮಗ ಈ ಮಾತು ಹೇಳುವಾಗ ನಗಲಿಲ್ಲ. ಆಲಮಟ್ಟಿ ಅಣೆಕಟ್ಟನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಎಷ್ಟು ಸರ್ಕಾರಗಳನ್ನು ಕಂಡಿದೆಯೋ! ದಶಾಂಶ ಬಿಂದುವಿನ ನಂತರ ಮೂರು ಅಂಕಿ ಬರೆಯುವಷ್ಟು ನಿಖರ ನಾವು. ರೊಕ್ಕ ಯಾವಾಗ ಎಂದು ಮಾತ್ರ ಕೇಳಬಾರದು.

2025ರಲ್ಲಿ ಬಂದ ‘ಸಿವಿಲೈಜೇಶನ್ 7’ ಎಂಬ ಇನ್ನೊಂದು ಆಟ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ನಾಯಕ ಬೇರೆ, ನಾಡು ಬೇರೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಚೋಳ ರಾಜ್ಯ ಆಳಬಹುದು. ಬೇರೆ ಜಿಲ್ಲೆಯ ಉಸ್ತುವಾರಿ ಸಚಿವರನ್ನು ಆಗಸ್ಟ್ 15ಕ್ಕೊಮ್ಮೆ, ಜನವರಿ 26ಕ್ಕೊಮ್ಮೆ ಬರಮಾಡಿಕೊಂಡು ಕಳಿಸುವ ನಮಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಆ ಆಟ ಬಂದಾಗಿನ ನಿಯಮದಂತೆ ಯುಗ ಬದಲಾದರೆ ಜನಾಂಗವೂ ಬದಲು: ಮೌರ್ಯರಾಗಿ ಮಲಗಿದವರು ಚೋಳರಾಗಿ ಎದ್ದು, ಮೊಘಲರಾಗಿ ಆಟ ಮುಗಿಸಬಹುದು. ಪಕ್ಷಾಂತರ ನಿಷೇಧ ಕಾಯ್ದೆ ಅವರಿಗೂ ಅಡ್ಡ ಬಂದಿಲ್ಲ.

“ಚಾಲುಕ್ಯರದು ಒಂದು ಬ್ಯಾರೆ ಕೊಡಬೇಕು” ಎಂದು ಹುಡುಗರು ಈಗ ಅರ್ಜಿ ಬರೆಯುತ್ತಿದ್ದಾರಂತೆ. ಬರೆಯಲಿ. ಆದರೆ ಆಟದವರು ಒಪ್ಪಿಬಿಟ್ಟರೆ ಫಜೀತಿ. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಈ ನಾಡಿನ ಸೈನ್ಯದ ಬಗ್ಗೆ ಬರೆದದ್ದು ಓದಿದ್ದೀರಾ? ಕಾಳಗಕ್ಕೆ ಮೊದಲು ಯೋಧರು ಕುಡಿಯುತ್ತಿದ್ದರು, ಆನೆಗಳಿಗೂ ಕುಡಿಸುತ್ತಿದ್ದರು. ನೂರಾರು ಆನೆ, ಎಲ್ಲವೂ ಅಮಲಿನಲ್ಲಿ, ಎದುರಿಗೆ ಕನೌಜಿನ ಹರ್ಷ. ಇದಕ್ಕಿಂತ ಅಪರೂಪದ ಸೈನಿಕ ಯಾವ ಆಟದಲ್ಲಿದ್ದಾನೆ? ಆದರೆ ಬಂಗಾರ, ಕಟ್ಟಿಗೆ, ಕಲ್ಲು, ಆಹಾರದ ಜೊತೆ ಐದನೆಯ ಖಾನೆಯಲ್ಲಿ ಹೆಂಡ ಇಡಬೇಕು. ಇಟ್ಟ ಮರುದಿನವೇ ನಮ್ಮ ಅಬಕಾರಿ ಇಲಾಖೆ ಆ ಖಾನೆಗೆ ಮಾಸಿಕ ಗುರಿ ನಿಗದಿಪಡಿಸುತ್ತದೆ. ಪೂರ್ವಜರಿಗೆ ಕುಡುಕರೆಂಬ ಅವಮಾನವಾಯಿತೆಂದು ಬಾದಾಮಿ ಬಸ್‌ಸ್ಟ್ಯಾಂಡಿನ ಮುಂದೆ ಟಯರಿಗೂ ಬೆಂಕಿ ಬೀಳುತ್ತದೆ.

ಇಮ್ಮಡಿ ವಿಕ್ರಮಾದಿತ್ಯನ ಪಾಡು ಇನ್ನೂ ಕಷ್ಟ. ಕಂಚಿಯನ್ನು ಗೆದ್ದು ಒಳಹೊಕ್ಕವನು ಗುಡಿಯ ಸಂಪತ್ತನ್ನು ಕಂಡ. ಕೊಳ್ಳೆ ಹೊಡೆಯದೆ ದೇವರಿಗೇ ಬಿಟ್ಟುಕೊಟ್ಟು, ಹಾಗೆಂದು ಅಲ್ಲಿಯ ಕೈಲಾಸನಾಥ ಗುಡಿಯಲ್ಲೇ ಕನ್ನಡದಲ್ಲಿ ಕೆತ್ತಿಸಿ ಬಂದ. ಗೆದ್ದಲ್ಲಿ ಬಂಗಾರ ಬಿಟ್ಟುಬರುವ ಬಟನ್ ಯಾವ ಆಟದಲ್ಲಿದೆ ಹೇಳಿ. ಇದ್ದರೂ ಒತ್ತುವವರು ಯಾರು? ಆಟ ಬಿಡಿ, ನಮ್ಮ ತಾಲೂಕು ಪಂಚಾಯ್ತಿಯಲ್ಲೇ ಅದು ಕೆಲಸ ಮಾಡಲಿಕ್ಕಿಲ್ಲ.

ಬೆಳಗಾವಿಯನ್ನು ಯಾವ ಜನಾಂಗದ ನಕಾಶೆಗೆ ಸೇರಿಸುವುದು ಎಂದು ಆಟದವರು ಕೇಳದಿರುವುದೇ ಒಳ್ಳೆಯದು. ಅವರಲ್ಲಿ ಒಂದು ಊರಿನ ಹಣೆಬರಹ ಊಟದ ಹೊತ್ತಿನೊಳಗೆ ತೀರ್ಮಾನವಾಗುತ್ತದೆ. ಇಲ್ಲಿ 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಗೆ ಹೊಸ ಹೊಸ ವಕೀಲರು ಬರುತ್ತಲೇ ಇದ್ದಾರೆ.

ಇನ್ನು ದೊಡ್ಡ ಕಟ್ಟಡದ ಕಾನೂನು. ‘ಏಜ್ ಆಫ್ ಎಂಪೈರ್ಸ್’ನಲ್ಲಿ ವಂಡರ್ ಎಂದೊಂದು ಕಟ್ಟಿ, ಅದು ಬೀಳದಂತೆ ಆಟದ ಲೆಕ್ಕದ ನಿಗದಿತ ವರ್ಷ, 200 ಎಂದಿಟ್ಟುಕೊಳ್ಳಿ, ಕಾಯ್ದುಕೊಂಡರೆ ಗೆಲುವು ನಿಮ್ಮದೇ. ವಿಜಯಪುರದ ಗೋಳಗುಮ್ಮಟಕ್ಕೆ ಈ ಲೆಕ್ಕ ಹಚ್ಚಿ ನೋಡಿ. 1656ರಲ್ಲಿ ಮುಹಮ್ಮದ್ ಆದಿಲ್ ಶಾಹ ಅದರಡಿ ಮಲಗಿದ. ಗುಮ್ಮಟದ ಒಂದು ಇಟ್ಟಂಗಿ ಅಲುಗಲಿಲ್ಲ. ಆಟದ ಪ್ರಕಾರ 1856ರಲ್ಲಿ ಆದಿಲ್ ಶಾಹಿಗಳು ಜಗತ್ತನ್ನೇ ಗೆದ್ದರು. ಔರಂಗಜೇಬ 1686ರಲ್ಲೇ ಬಂದು ರಾಜ್ಯ ಕಸಿದುಕೊಂಡದ್ದು, 1856ಕ್ಕೆ ಊರು ಬ್ರಿಟಿಷರ ಕೈಯಲ್ಲಿದ್ದದ್ದು ಸಣ್ಣಪುಟ್ಟ ತಾಂತ್ರಿಕ ದೋಷ. ಗೆದ್ದ ಸುದ್ದಿಯನ್ನು ಯಾರಾದರೂ ಪಿಸುಗುಟ್ಟಿದ್ದರೆ ಗುಮ್ಮಟವೇ ಏಳು ಸಲ ಹೇಳುತ್ತಿತ್ತು.

ಅದೇ ಕಾನೂನಿನಂತೆ ನಮ್ಮ ಕಾಲದ ವಂಡರ್ ಬೆಳಗಾವಿಯ ಸುವರ್ಣ ವಿಧಾನಸೌಧ. 2012ರಲ್ಲಿ ಉದ್ಘಾಟನೆಯಾಗಿದೆ, ಗಟ್ಟಿಮುಟ್ಟಾಗಿದೆ, ಚಳಿಗಾಲದ ಅಧಿವೇಶನ ಬಿಟ್ಟರೆ ಯಾರೂ ತೊಂದರೆ ಕೊಡುವುದಿಲ್ಲ. 2212ಕ್ಕೆ ಉತ್ತರ ಕರ್ನಾಟಕದ ಗೆಲುವು ಖಾತ್ರಿ. ಅಧಿವೇಶನದ ಕೊನೆಯ ದಿನದ ಕೊನೆಯ ತಾಸಿಗೆ ಮುಂದೂಡಿದ ಉತ್ತರ ಕರ್ನಾಟಕದ ಚರ್ಚೆಯನ್ನು ಅಷ್ಟರಲ್ಲಿ ಕೈಗೆತ್ತಿಕೊಂಡಿರುತ್ತಾರೆ, ಕೋರಂ ಇದ್ದರೆ.