ಸ್ಪಷ್ಟನೆ: ಬೆಂಗಳೂರು ಹುಡುಗಿಯ ಹೆಸರು ಗ್ರಹಕ್ಕಲ್ಲ, ಕ್ಷುದ್ರಗ್ರಹಕ್ಕೆ

‘ಕ್ಷೀರಪಥದ ಗ್ರಹವೊಂದಕ್ಕೆ ಬೆಂಗಳೂರಿನ ಶಾಲಾ ಹುಡುಗಿಯ ಹೆಸರು’ ಎಂಬ 2017ರ ಸುದ್ದಿಯನ್ನು ಈಗಲೂ ಜನ ಹಂಚಿಕೊಳ್ಳುತ್ತಾರೆ. ಅದು ಗ್ರಹವಲ್ಲ, ಕ್ಷುದ್ರಗ್ರಹ. ಅಂದರೆ ನಮ್ಮ ಸೂರ್ಯನನ್ನೇ ಸುತ್ತುವ ಪುಟ್ಟ ಕಲ್ಲುಬಂಡೆ. ಕ್ಷೀರಪಥ ಅನ್ನೋದು ಸುಳ್ಳಲ್ಲ, ನಾವೂ ಅದರಲ್ಲೇ ಇದ್ದೇವೆ ಅಲ್ವಾ? ಆದರೆ ಹಾಗೆ ಬರೆದರೆ ಎಲ್ಲೋ ದೂರದ ಲೋಕ ಅನ್ನಿಸುತ್ತದೆ.

ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯ ತಾನು ಪತ್ತೆಹಚ್ಚಿದ ಕ್ಷುದ್ರಗ್ರಹಗಳಿಗೆ ಐಸೆಫ್ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ವಿಜ್ಞಾನ ಮೇಳದ ವಿಜೇತರ ಹೆಸರು ಸೂಚಿಸುತ್ತಿತ್ತು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಒಪ್ಪಬೇಕು. ಹೀಗೆ ಹೆಸರು ಪಡೆದ ವಿದ್ಯಾರ್ಥಿಗಳು ಬಹಳ ಮಂದಿ, ಈ ಹುಡುಗಿಯೂ ಅವರಲ್ಲೊಬ್ಬಳು.

ಸುದ್ದಿಯಲ್ಲಿ ಬಿಟ್ಟುಹೋಗುವುದೇ ಅವಳ ಕೆಲಸ. ಬೆಂಗಳೂರಿನ ಕೆರೆ ನೀರು ಎಷ್ಟು ಕೆಟ್ಟಿದೆ ಎಂದು ಜನರೇ ಕಿಟ್‌ನಲ್ಲಿ ಪರೀಕ್ಷಿಸಿ, ಮೊಬೈಲ್ ಆ್ಯಪ್‌ನಿಂದ ಮಾಹಿತಿ ಕಳಿಸುವ ವ್ಯವಸ್ಥೆಯನ್ನು ಅವಳು ರೂಪಿಸಿದ್ದಳು. ಹಂಚುವಾಗ ದಯವಿಟ್ಟು ಅದನ್ನೂ ಸೇರಿಸಿ.