ಹೇಸ್ಟ್ ಪದದ ಮಿಕ್ಕರ್ಧ ಕತೆ

ಅವಸರ ಅನ್ನುವ ಅರ್ಥದ ಇಂಗ್ಲಿಷಿನ ಹೇಸ್ಟ್ (haste) ಫ್ರೆಂಚ್‌ನಿಂದ ಬಂತು ಅಂತ ಹೇಳಿ ನಿಮ್ಮ ಲೇಖನದಲ್ಲಿ ಅಲ್ಲಿಗೇ ಮುಗಿಸಿಬಿಟ್ಟಿದ್ದೀರಿ. ಅದು ಅರ್ಧ ಕತೆ ಅಲ್ವಾ ಸಾರ್? ಹಳೆಯ ಫ್ರೆಂಚಿಗೆ ಅದನ್ನು ಕೊಟ್ಟವರೇ ಜರ್ಮಾನಿಕ್ (ಇಂಗ್ಲಿಷ್, ಡಚ್‌ಗಳ ಕುಟುಂಬದ) ಭಾಷೆ ಮಾತಾಡುತ್ತಿದ್ದ ಫ್ರಾಂಕರು. ಮೂಲದಲ್ಲಿ ಅದಕ್ಕೆ ಜಗಳ, ಹೊಡೆದಾಟದ ಅರ್ಥವಿತ್ತು, ಅದೇ ಕುಟುಂಬದ ಹಳೆಯ ಗಾಥಿಕ್ ಭಾಷೆಯ ಹೈಫ್‌ಸ್ಟ್ಸ್ ಅಂದರೆ ಜಗಳವೇ. ಅವಸರಕ್ಕೆ ಡಚ್ಚರು ಹೇಳುವ ಹಾಸ್ಟ್ ಕೂಡ ಫ್ರೆಂಚ್ ಸುತ್ತಿಕೊಂಡು ತವರಿಗೆ ಮರಳಿದ ಪದ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಸ್ಪೀಡ್. ಹಳೆ ಇಂಗ್ಲಿಷಿನಲ್ಲಿ ಅದಕ್ಕೆ ಏಳಿಗೆ, ಗೆಲುವು ಅನ್ನುವ ಅರ್ಥ. ಗಾಡ್‌ಸ್ಪೀಡ್ ಅಂತ ಹರಸಿದರೆ ದೇವರು ನಿನ್ನನ್ನು ಬೇಗ ಓಡಿಸಲಿ ಅಂತಲ್ಲ, ಒಳ್ಳೇದಾಗಲಿ ಅಂತ! ಡಚ್‌ನಲ್ಲಿ ಅದೇ ಪದ ಸ್ಪೂಟ್, ಈಗ ಅದರ ಅರ್ಥ ತುರ್ತು, ಆಸ್ಪತ್ರೆಯ ತುರ್ತು ವಿಭಾಗದ ಹೆಸರಲ್ಲೂ ಅದೇ ಕಾಣುತ್ತದೆ. ಆದರೆ ಫೋರ್‌ಸ್ಪೂಟ್ ಅಂದರೆ ಇಂದಿಗೂ ಸಮೃದ್ಧಿ, ಟೇಖನ್‌ಸ್ಪೂಟ್ ಅಂದರೆ ಕಷ್ಟಕಾಲ. ಹಳೆ ಅರ್ಥ ಸುಮ್ನೆ ಅಲ್ಲೇ ಮೂಲೆಯಲ್ಲಿ ಕೂತಿದೆ.

ನಮ್ಮ ಅವಸರ ಏನು ಕಮ್ಮಿಯೇ? ಸಂಸ್ಕೃತದಲ್ಲಿ ಅದು ಸಂದರ್ಭ, ಅವಕಾಶ. ಹಿಂದಿಯವರು ಈಗಲೂ ಹಾಗೇ ಬಳಸುತ್ತಾರೆ. ಕನ್ನಡಕ್ಕೆ ಬಂದು ಗಡಿಬಿಡಿಯಾಯಿತು.